ಒಂದು ದಿನದ ಜ್ವರಕ್ಕೂ ಡಾಕ್ಟರ್ ಸರ್ಟಿಫಿಕೇಟ್ ತರಬೇಕಾ?

ಪ್ರಶ್ನೆ: ರಾಜಾಜಿನಗರದ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಂಬಳ 27,000. ಹೋದ ತಿಂಗಳು ಒಂದು ಸೋಮವಾರ ಬೆಳಗ್ಗೆಯಿಂದ ಜೋರು ಜ್ವರ. ಮ್ಯಾನೇಜರ್‌ಗೆ ವಾಟ್ಸಾಪ್ ಮಾಡಿ, ಡೋಲೋ ತಗೊಂಡು ಮಲಗಿದೆ. ಕಡಿಮೆ ಆಗದೆ ಬುಧವಾರ ಡಾಕ್ಟರ್ ಹತ್ತಿರ ಹೋದೆ. ಅವರು ಬುಧವಾರ, ಗುರುವಾರ ಎರಡೇ ದಿನಕ್ಕೆ ಸರ್ಟಿಫಿಕೇಟ್ ಕೊಟ್ಟರು. ಸೋಮವಾರದಿಂದ ಹಾಕಿಕೊಡಿ ಅಂದರೆ ಆಗಲ್ಲ ಅಂದುಬಿಟ್ಟರು. ಈಗ ಎಚ್‌ಆರ್ ಸೋಮವಾರ, ಮಂಗಳವಾರ ಎರಡು ದಿನದ ಸಂಬಳ ಹಿಡಿದಿದ್ದಾರೆ. ಒಂದು ದಿನದ ಸಿಕ್ ಲೀವ್‌ಗೂ ಸರ್ಟಿಫಿಕೇಟ್ ಬೇಕು, ಅದೂ ಎಂಬಿಬಿಎಸ್ ಡಾಕ್ಟರದ್ದೇ ಬೇಕು, ಅದು ಕಂಪನಿ ಪಾಲಿಸಿ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇನ್ನೂ ಒಂಬತ್ತು ದಿನ ರಜೆ ಬಾಕಿ ಇದೆ. ಇದು ಸರಿಯಾ? ಇನ್ನೊಂದು, ನನ್ನ ತಂಗಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಟೈಫಾಯಿಡ್ ಆಗಿ ಹತ್ತು ದಿನ ಹೋಗಿರಲಿಲ್ಲ. ಖಾಸಗಿ ಕ್ಲಿನಿಕ್ಕಿನ ಸರ್ಟಿಫಿಕೇಟ್ ಕೊಟ್ಟರೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಚೀಟಿ ತಾ ಅಂತಾರೆ. ಅವಳು ಏನು ಮಾಡಬೇಕು?

ಉತ್ತರ: ಮೊದಲು ಡಾಕ್ಟರ್ ಮೇಲಿನ ಸಿಟ್ಟು ಬಿಡಿ. ಅವರು ಮಾಡಿದ್ದು ಸರಿ. ಎಚ್‌ಆರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನೂ ಹದಿನೆಂಟು ವರ್ಷ ಆ ಕುರ್ಚಿಯಲ್ಲೇ ಕೂತಿದ್ದವನು. ಹಾಗಾಗಿ ಅವರ ಕಷ್ಟವೂ ಗೊತ್ತು, ಅವರ ಆಟವೂ ಗೊತ್ತು.

ಸರ್ಟಿಫಿಕೇಟ್ ಅಂದರೆ ಡಾಕ್ಟರ್ ಕೊಡುವ ಸಾಕ್ಷಿ. ತಾನು ಕಣ್ಣಾರೆ ನೋಡಿದ್ದನ್ನು ಮಾತ್ರ ಸಾಕ್ಷಿ ಹೇಳಬಹುದು, ಅಲ್ವಾ? ಸೋಮವಾರ ನಿಮಗೆ ಜ್ವರ ಇತ್ತೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಅವತ್ತು ನೀವು ಅವರ ಕಣ್ಣಿಗೇ ಬಿದ್ದಿಲ್ಲ. ವೈದ್ಯರ ನಡವಳಿಕೆಗೆ 2002ರಲ್ಲಿ ಬಂದ ನಿಯಮಗಳಿವೆ. 2023ರ ಆಗಸ್ಟ್‌ನಲ್ಲಿ ಅವುಗಳ ಜಾಗಕ್ಕೆ ಹೊಸದು ಬಂತು, ಅದೇ ತಿಂಗಳು ತಡೆಹಿಡಿದರು. ಆದ್ದರಿಂದ ಹಳೆಯವೇ ನಡೆಯುತ್ತಿವೆ. ಅದರ ಪ್ರಕಾರ ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕಿದ ವೈದ್ಯರ ಹೆಸರನ್ನು ರಿಜಿಸ್ಟರಿನಿಂದಲೇ ತೆಗೆದುಹಾಕಬಹುದು. ಹೆಸರು ಹೋಯಿತು ಅಂದರೆ ಪ್ರಾಕ್ಟೀಸೇ ಹೋಯಿತು. ನಿಮ್ಮ ಎರಡು ದಿನದ ಸಂಬಳಕ್ಕಾಗಿ ಅವರು ಅಷ್ಟು ದೂರ ಬರಬೇಕು ಅಂತ ಕೇಳೋದು ನ್ಯಾಯ ಅಲ್ಲ.

ಆದರೆ ಇಲ್ಲೊಂದು ದಾರಿ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಅವಸರದಲ್ಲಿರುವ ಡಾಕ್ಟರುಗಳೂ ಮರೆಯುತ್ತಾರೆ. ಹಿಂದಿನ ತಾರೀಕು ಹಾಕುವುದು ತಪ್ಪು. ಹಿಂದಿನ ಕಥೆ ಬರೆಯುವುದು ತಪ್ಪಲ್ಲ. "ಸೋಮವಾರ ಬೆಳಗ್ಗೆಯಿಂದ ಜ್ವರ, ಮೈಕೈ ನೋವು ಇತ್ತೆಂದು ರೋಗಿ ಹೇಳಿದ್ದಾರೆ. ಬುಧವಾರ ಪರೀಕ್ಷಿಸಿದಾಗ ಜ್ವರ ಇತ್ತು. ಗುರುವಾರದವರೆಗೆ ವಿಶ್ರಾಂತಿ ಬೇಕು." ಹೀಗೆ ಬರೆದರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೆಳಗೆ ಬುಧವಾರದ ತಾರೀಕೇ ಇರುತ್ತದೆ. ಓದುವ ಎಚ್‌ಆರ್‌ಗೆ ಬುಧವಾರದ ಜ್ವರ ಮೊನ್ನೆಯಿಂದ ಇದ್ದದ್ದು ಅನ್ನುವುದೂ ತಿಳಿಯುತ್ತದೆ. ನಿಮ್ಮ ಡಾಕ್ಟರ್ ಅವತ್ತು ಬರೆದ ಒಪಿ ಚೀಟಿ ಹುಡುಕಿ ನೋಡಿ. ಔಷಧಿಯ ಮೇಲೆ "ಮೂರು ದಿನದಿಂದ ಜ್ವರ" ಅಂತ ಗೀಚಿರುವ ಸಾಧ್ಯತೆ ಜಾಸ್ತಿ. ಇದ್ದರೆ ಅದರ ಫೋಟೋ ಸಾಕು. ಇಲ್ಲದಿದ್ದರೆ ಮತ್ತೆ ಹೋಗಿ, ತಾರೀಕು ಬದಲಿಸಿ ಅನ್ನಬೇಡಿ, ನಾನು ಹೇಳಿದ್ದನ್ನು ಹೇಳಿದ ಹಾಗೇ ಒಂದು ಸಾಲು ಸೇರಿಸಿ ಅನ್ನಿ.

ಇನ್ನು ಕಾನೂನು. ನೀವಿರುವ ತರಹದ ಕಂಪನಿಗಳಿಗೆ ಅನ್ವಯವಾಗುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಸೆಕ್ಷನ್ 15 ರಜೆಯದ್ದು. ಇಪ್ಪತ್ತು ದಿನ ಕೆಲಸ ಮಾಡಿದರೆ ಒಂದು ದಿನ ಗಳಿಕೆ ರಜೆ, ಅದು ಬೇರೆ. ಅದರ ಜೊತೆಗೆ ವರ್ಷಕ್ಕೆ ಹನ್ನೆರಡು ದಿನದವರೆಗೆ ಸಂಬಳ ಸಹಿತ ರಜೆ ಉಂಟು. ಯಾಕಾಗಿ? ಕಾಯಿಲೆಗೆ, ಅಪಘಾತಕ್ಕೆ, ಅಥವಾ ಬೇರೆ ಯಾವುದಾದರೂ ಸರಿಯಾದ ಕಾರಣಕ್ಕೆ. ಕೊನೆಯ ಆ ಮಾತನ್ನು ಇನ್ನೊಂದು ಸಲ ಓದಿ. ಬಹಳ ಕಂಪನಿಗಳು ಈ ಹನ್ನೆರಡನ್ನೇ ಆರು ಕ್ಯಾಶುಯಲ್, ಆರು ಸಿಕ್ ಅಂತ ಎರಡು ಪಾಲು ಮಾಡಿ ಇಟ್ಟುಕೊಂಡಿವೆ. ಕಾಯ್ದೆಯಲ್ಲಿ ಆ ಗೋಡೆ ಇಲ್ಲ.

ಆ ಸಾಲಿನಲ್ಲಿ ಡಾಕ್ಟರ್ ಸರ್ಟಿಫಿಕೇಟಿನ ಮಾತೂ ಇಲ್ಲ. ಹಾಗಂತ ಕಂಪನಿ ಕೇಳುವಂತೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾಯಿಲೆ ಅಂತ ರಜೆ ಕೇಳಿದವರ ಹತ್ತಿರ ಸ್ವಲ್ಪ ಪುರಾವೆ ಕೇಳುವ ಹಕ್ಕು ಕೆಲಸ ಕೊಟ್ಟವರಿಗೆ ಇದ್ದೇ ಇದೆ. ಆದರೆ ಪಾಲಿಸಿ ಅನ್ನುವುದು ಕಾಯ್ದೆಗಿಂತ ಜಾಸ್ತಿ ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಬೆಳಗ್ಗೆಯೇ ತಿಳಿಸಿದ್ದೀರಿ. ಮೂರನೇ ದಿನಕ್ಕೆ ಡಾಕ್ಟರ್ ಅದೇ ಜ್ವರವನ್ನು ನೋಡಿ ಬರೆದುಕೊಟ್ಟಿದ್ದಾರೆ. ಒಂಬತ್ತು ದಿನ ರಜೆ ಬಾಕಿ ಇದೆ. ಇಷ್ಟಿದ್ದೂ ಎರಡು ದಿನವನ್ನು ಸಂಬಳ ಇಲ್ಲದ ರಜೆ ಮಾಡಿದ್ದು ನನ್ನ ಓದಿನ ಪ್ರಕಾರ ನಿಲ್ಲುವುದಿಲ್ಲ. ಅವರಿಗೆ ಸಿಕ್ ಲೀವ್ ಅನ್ನಲು ಮನಸ್ಸಿಲ್ಲದಿದ್ದರೆ ಕ್ಯಾಶುಯಲ್ ಅನ್ನಲಿ, ಗಳಿಕೆ ರಜೆಯಲ್ಲಿ ಹಿಡಿಯಲಿ. ಸಂಬಳಕ್ಕೆ ಕೈ ಹಾಕುವುದು ಕೊನೆಯ ಮೆಟ್ಟಿಲು. ಇವರು ಅಲ್ಲಿಂದಲೇ ಶುರು ಮಾಡಿದ್ದಾರೆ.

ಒಂದು ದಿನಕ್ಕೂ ಸರ್ಟಿಫಿಕೇಟ್ ಅನ್ನುವ ಪಾಲಿಸಿ ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಅಂಥದ್ದೊಂದನ್ನು ನಾನೇ ಬರೆದಿದ್ದೆ. ಆಗ ನಾನು ಒಂದು ಫ್ಯಾಕ್ಟರಿಯಲ್ಲಿದ್ದೆ. ಸೋಮವಾರ ಬಂತು ಅಂದರೆ ಹಾಜರಿ ಪುಸ್ತಕದಲ್ಲಿ ತೂತು. ಯುಗಾದಿಯ ಮಾರನೇ ದಿನ ಹೊಸತೊಡಕು, ಬಾಡೂಟದ ದಿನ ನೋಡಿ, ಅವತ್ತು ಮಂಡ್ಯ, ಹಾಸನ ಕಡೆಯವರಿಗೆ ಹೊಟ್ಟೆನೋವು ಬರದಿದ್ದರೆ ಆಶ್ಚರ್ಯ. ಮ್ಯಾನೇಜ್‌ಮೆಂಟ್ ಕೂಗಾಡಿತು. ನಾನು ಒಂದು ಸರ್ಕ್ಯುಲರ್ ಹಾಕಿದೆ: ಒಂದು ದಿನ ಬರದಿದ್ದರೂ ಸರ್ಟಿಫಿಕೇಟ್ ಕಡ್ಡಾಯ. ಮೂರು ತಿಂಗಳಲ್ಲಿ ನನ್ನ ಡ್ರಾಯರ್ ತುಂಬಾ ಒಂದೇ ಕ್ಲಿನಿಕ್ಕಿನ ಚೀಟಿಗಳು. ಒಂದೇ ಕೈಬರಹ, ಒಂದೇ ಕಾಯಿಲೆ, "ವಾಂತಿ ಭೇದಿ". ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಮೊದಲು ಒಂದು ದಿನ ಮಲಗಿ ಮಾರನೇ ದಿನ ಬರುತ್ತಿದ್ದವರು ಈಗ ಮೂರು ದಿನ ಬರುತ್ತಿರಲಿಲ್ಲ. ಹೇಗೂ ದುಡ್ಡು ಕೊಟ್ಟು ಡಾಕ್ಟರ್ ಹತ್ತಿರ ಹೋದ ಮೇಲೆ ಒಂದೇ ದಿನಕ್ಕೆ ಯಾರು ಬರೆಸಿಕೊಳ್ಳುತ್ತಾರೆ? ಡಾಕ್ಟರೂ ಸುಮ್ನೆ "ಮೂರು ದಿನ ರೆಸ್ಟ್" ಅಂತ ಬರೆಯುತ್ತಿದ್ದರು. ನಿಜವಾಗಿ ಜ್ವರ ಬಂದವರು ಮಾತ್ರ ನಿಮ್ಮ ಹಾಗೆ ಮಲಗಿ, ಚೀಟಿ ಇಲ್ಲದೆ ಸಿಕ್ಕಿಬೀಳುತ್ತಿದ್ದರು. ಕಳ್ಳರಿಗೆ ನಾನು ಹಾಕಿದ ಬೇಲಿಗೆ ಸಾಚಾ ಜನರ ಸೀರೆ ಸಿಕ್ಕಿಕೊಂಡಿತ್ತು. ಆ ಸರ್ಕ್ಯುಲರ್ ವಾಪಸ್ ತಗೊಂಡೆ.

ಈಗ ನಾನು ಸಲಹೆ ಕೊಡುವ ಕಡೆಯೆಲ್ಲ ಹೇಳುವುದು ಇಷ್ಟೇ: ಎರಡು ದಿನದವರೆಗೆ ಫೋನ್ ಅಥವಾ ಮೆಸೇಜ್ ಸಾಕು, ಮೂರನೇ ದಿನದಿಂದ ಸರ್ಟಿಫಿಕೇಟ್. ಒಬ್ಬರು ಪದೇ ಪದೇ ಸೋಮವಾರವೇ ಮಲಗುತ್ತಿದ್ದರೆ ಅವರೊಬ್ಬರನ್ನು ಕರೆದು ಮಾತಾಡಿ. ಒಬ್ಬರ ಚಟಕ್ಕೆ ನಲವತ್ತು ಜನಕ್ಕೆ ನಿಯಮ ಬೇಡ. ಹೊರದೇಶಗಳಲ್ಲೂ ಹೆಚ್ಚು ಕಡಿಮೆ ಹೀಗೇ. ಬ್ರಿಟನ್ನಿನಲ್ಲಿ ಮೊದಲ ಏಳು ದಿನಕ್ಕೆ ಕೆಲಸಗಾರ ತಾನೇ ಬರೆದುಕೊಟ್ಟರೆ ಸಾಕು, ಆಮೇಲೆ ಡಾಕ್ಟರ ಚೀಟಿ. ಜರ್ಮನಿಯಲ್ಲಿ ಮೂರು ದಿನ ದಾಟಿದರೆ ಕಾನೂನೇ ಸರ್ಟಿಫಿಕೇಟ್ ಕೇಳುತ್ತದೆ, ಮಾಲೀಕ ಬೇಕಾದರೆ ಮೊದಲೇ ಕೇಳಬಹುದು. ನಮ್ಮ ರಾಜ್ಯದಲ್ಲೇ 2025ರ ಅಕ್ಟೋಬರ್‌ನಲ್ಲಿ ಸಂಪುಟ ತಿಂಗಳಿಗೊಂದು ದಿನ, ವರ್ಷಕ್ಕೆ ಹನ್ನೆರಡು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಅದಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಬೇಡ ಅಂತಲೇ ಇಟ್ಟರು. ಆ ವಿಷಯ ಆಮೇಲೆ ಹೈಕೋರ್ಟ್ ಮೆಟ್ಟಿಲು ಹತ್ತಿತು, ಅದು ಬೇರೆ ಮಾತು.

ಎಂಬಿಬಿಎಸ್ ಡಾಕ್ಟರದ್ದೇ ಬೇಕು ಅನ್ನುವುದಕ್ಕೆ ಕಾನೂನಿನ ಬಲ ಇಲ್ಲ. ನೋಂದಾಯಿತ ಆಯುರ್ವೇದ ವೈದ್ಯರಿಗೂ ಮೆಡಿಕಲ್ ಮತ್ತು ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರವಿದೆ. 1970ರ ಭಾರತೀಯ ವೈದ್ಯ ಪದ್ಧತಿಯ ಕಾಯ್ದೆಯಲ್ಲೇ ಅದು ಇತ್ತು, 2020ರಲ್ಲಿ ಅದರ ಜಾಗಕ್ಕೆ ಬಂದ ಕಾಯ್ದೆಯಲ್ಲೂ ಇದೆ. ನೋಡಬೇಕಾದ್ದು ಡಿಗ್ರಿ ಅಲ್ಲ, ರಿಜಿಸ್ಟ್ರೇಷನ್ ನಂಬರ್. ಅದು ಸರ್ಟಿಫಿಕೇಟಿನ ಮೇಲೆ ಇರಲೇಬೇಕು. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಒಂದು ಗುರುತಿನ ಮಚ್ಚೆಯನ್ನೂ ಬರೆದುಕೊಳ್ಳಬೇಕು, ಡಾಕ್ಟರ್ ಒಂದು ನಕಲು ಇಟ್ಟುಕೊಂಡು ರಿಜಿಸ್ಟರಿನಲ್ಲಿ ನಮೂದಿಸಬೇಕು ಅಂತ 2002ರ ಅದೇ ನಿಯಮ ಹೇಳುತ್ತದೆ. ಎಷ್ಟು ಕ್ಲಿನಿಕ್ಕುಗಳು ಇದನ್ನು ಮಾಡುತ್ತವೆ ಅಂತ ಮಾತ್ರ ಕೇಳಬೇಡಿ. ಆದರೆ ನೀವು ಕೇಳಿದರೆ ಮಾಡುತ್ತಾರೆ. ಹೀಗೆ ಸಹಿ ಮಾಡಿಸಿಕೊಂಡ ಸರ್ಟಿಫಿಕೇಟನ್ನು ಎಚ್‌ಆರ್ ಅನುಮಾನಿಸುವುದು ಕಷ್ಟ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಯಿಲೆಯ ಹೆಸರು ಬರೆಸಬೇಕಾ ಅನ್ನುವ ಪ್ರಶ್ನೆ ಈ ಕಡೆ ಬಹಳ ಬರುತ್ತದೆ. ಸರ್ಟಿಫಿಕೇಟಿನ ನಮೂನೆಯಲ್ಲಿ ಅದಕ್ಕೊಂದು ಜಾಗ ಇದೆ. ವೈರಲ್ ಜ್ವರ, ಕಾಲು ಉಳುಕು ಇಂಥವಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಬರೆಸಿ. ಗರ್ಭಪಾತ, ಮಾನಸಿಕ ಚಿಕಿತ್ಸೆ ಇಂಥ ವಿಷಯ ಇದ್ದಾಗ, ಆಫೀಸಿಗೆ ಕೊಡುವ ಹಾಳೆಯಲ್ಲಿ "ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನ ವಿಶ್ರಾಂತಿ ಅಗತ್ಯ" ಅಂತ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ರೋಗಿಯ ಗುಟ್ಟು ಕಾಯುವುದು ಡಾಕ್ಟರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಯುವುದನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಎಚ್‌ಐವಿ ವಿಷಯದಲ್ಲಿ ಅದೇ ವರ್ಷದ ಇನ್ನೊಂದು ಕಾಯ್ದೆ ಇದೆ. ನಿಮ್ಮ ಒಪ್ಪಿಗೆ ಇಲ್ಲದೆ, ಕೋರ್ಟ್ ಆದೇಶವೂ ಇಲ್ಲದೆ ಅದನ್ನು ಹೇಳು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಒಮ್ಮೆ ಒಂದು ಆಫೀಸಿನಲ್ಲಿ ರಜೆ ಅರ್ಜಿಯ ಜೊತೆ ಪಿನ್ ಮಾಡಿದ್ದ ಸ್ಕ್ಯಾನ್ ರಿಪೋರ್ಟ್ ಕ್ಯಾಂಟೀನ್ ಟೇಬಲ್ ಮೇಲೆ ಬಿದ್ದಿದ್ದನ್ನು ನೋಡಿದ್ದೇನೆ. ಸರ್ಟಿಫಿಕೇಟ್ ಕೊಡಿ. ರಿಪೋರ್ಟು, ಬಿಲ್ಲು, ಸ್ಕ್ಯಾನು ಮನೆಯ ಫೈಲಿನಲ್ಲೇ ಇರಲಿ.

ಈಗ ನಿಮ್ಮ ತಂಗಿ. ಅವರ ಕಥೆ ನಿಮ್ಮದಕ್ಕಿಂತ ಬೇರೆ, ಅಲ್ಲಿ ಜಾಸ್ತಿ ದುಡ್ಡೂ ಇದೆ.

ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯ. ನಿಮ್ಮದು ಅದನ್ನು ದಾಟಿದೆ, ಅವರದ್ದು ಒಳಗೇ ಇರುತ್ತದೆ. ಅವರ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಕಂಪನಿ ನೂರಕ್ಕೆ ಮೂರೂಕಾಲು ರೂಪಾಯಿ ಸೇರಿಸಿ ಕಟ್ಟುತ್ತದೆ. ಆಸ್ಪತ್ರೆಯ ಔಷಧಿ ಮಾತ್ರ ಇದರಲ್ಲಿ ಸಿಗುವುದು ಅಂತ ಗಾರ್ಮೆಂಟ್ಸ್‌ನಲ್ಲಿ ಬಹಳ ಜನ ತಿಳಿದಿದ್ದಾರೆ. ಕಾಯಿಲೆಯಲ್ಲಿ ಮಲಗಿದ ದಿನಗಳಿಗೆ ದುಡ್ಡೂ ಬರುತ್ತದೆ. ದಿನದ ಸರಾಸರಿ ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಒಂದು ಷರತ್ತು ಇದೆ: ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಕೆಲಸಕ್ಕೆ ಸೇರಿ ಮೂರೇ ತಿಂಗಳಾದವರಿಗೆ ಈ ದುಡ್ಡು ಬರದೇ ಇರುವುದು ಇದಕ್ಕೇ.

ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ದಿನದ ಸರಾಸರಿ ಕೂಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ. 70 ಅಂದರೆ 350. ಹತ್ತು ದಿನಕ್ಕೆ ಸರ್ಟಿಫಿಕೇಟ್ ಇದ್ದರೆ ಎಂಟು ದಿನಕ್ಕೆ 2,800 ರೂಪಾಯಿ ನೇರ ಬ್ಯಾಂಕ್ ಖಾತೆಗೆ ಬರಬೇಕು. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಆ ಎರಡು ದಿನ ಎರಡನೇ ಸಲ ಹಿಡಿಯುವುದಿಲ್ಲ. ಟೈಫಾಯಿಡ್ ಮರುಕಳಿಸುವ ಕಾಯಿಲೆ, ಅದಕ್ಕೇ ಹೇಳಿದೆ. ಒಂದೇ ದಿನಕ್ಕೆ ಕಂಪನಿಯ ಸಂಬಳ ಸಹಿತ ರಜೆಯೂ ಇಎಸ್‌ಐ ದುಡ್ಡೂ ಎರಡೂ ಸಿಗುವುದಿಲ್ಲ. ಆದ್ದರಿಂದ ಸೂಪರ್‌ವೈಸರ್ "ನಿನ್ನ ಇಎಲ್‌ನಲ್ಲಿ ಹಾಕಿಬಿಡ್ತೀನಿ" ಅಂದರೆ ತಕ್ಷಣ ತಲೆ ಆಡಿಸಬೇಡಿ ಅಂತ ಹೇಳಿ. ಗಳಿಕೆ ರಜೆ ಉಳಿಸಿಕೊಂಡು ಇಎಸ್‌ಐ ದುಡ್ಡು ತಗೊಳ್ಳುವುದೇ ಎಷ್ಟೋ ಸಲ ಲಾಭ.

ಎಡವಟ್ಟು ಆಗಿರುವುದು ಚೀಟಿಯಲ್ಲಿ. ಈ ದುಡ್ಡಿಗೆ ಇಎಸ್‌ಐ ಡಿಸ್ಪೆನ್ಸರಿ ಅಥವಾ ಇಎಸ್‌ಐ ಆಸ್ಪತ್ರೆಯ ಡಾಕ್ಟರ್ ಕೊಡುವ ಸರ್ಟಿಫಿಕೇಟೇ ಮುಖ್ಯ. ಮೊದಲು ಒಂದು, ಕಾಯಿಲೆ ಮುಂದುವರಿದರೆ ನಡುವೆ ಇನ್ನೊಂದು, ಕೆಲಸಕ್ಕೆ ಹೋಗಬಹುದು ಅಂದಾಗ ಕೊನೆಯದು. ಖಾಸಗಿ ಕ್ಲಿನಿಕ್ಕಿನ ಚೀಟಿಯನ್ನು ಬೇರೆ ಪುರಾವೆ ಅಂತ ಪರಿಗಣಿಸುವ ಅವಕಾಶ ನಿಯಮದಲ್ಲಿದೆ, ಆದರೆ ಅದು ತಾನಾಗಿ ಆಗುವ ಕೆಲಸ ಅಲ್ಲ. ತಂಗಿ ಈಗ ಕ್ಲಿನಿಕ್ಕಿನ ಸರ್ಟಿಫಿಕೇಟ್, ರಕ್ತಪರೀಕ್ಷೆಯ ರಿಪೋರ್ಟು, ಔಷಧಿ ಬಿಲ್ಲು ಎಲ್ಲಾ ತಗೊಂಡು ಮೊದಲು ಡಿಸ್ಪೆನ್ಸರಿಗೆ, ಅಲ್ಲಿಂದ ಇಎಸ್‌ಐ ಶಾಖಾ ಕಚೇರಿಗೆ ಹೋಗಲಿ. ಡಿಸ್ಪೆನ್ಸರಿಗೆ ಯಾಕೆ ಹೋಗಲಿಲ್ಲ ಅಂತ ಕೇಳಿಯೇ ಕೇಳುತ್ತಾರೆ. ಏಳಲು ಆಗುತ್ತಿರಲಿಲ್ಲ, ಹತ್ತಿರದ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದರು ಅಂತ ಇದ್ದದ್ದನ್ನು ಇದ್ದ ಹಾಗೆ ಒಂದು ಅರ್ಜಿಯಲ್ಲಿ ಬರೆದು ಕೊಡಲಿ. ಕನ್ನಡದಲ್ಲೇ ಬರೆಯಲಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡ ನಕಲು ಕೈಯಲ್ಲಿಲ್ಲದೆ ಅಲ್ಲಿಂದ ಹೊರಗೆ ಬರಬಾರದು.

ಫ್ಯಾಕ್ಟರಿಯ ಗೇಟಿನ ವಿಷಯ ಬೇರೆ. ಇಎಸ್‌ಐ ಚೀಟಿ ಇಲ್ಲ ಅಂತ ದುಡ್ಡು ಬರದಿರಬಹುದು. ಆದರೆ ಹತ್ತು ದಿನ ಬರಲಿಲ್ಲ, ಕೆಲಸ ಹೋಯಿತು ಅಂತ ಬಾಯಿಮಾತಲ್ಲಿ ಕಳಿಸುವಂತಿಲ್ಲ. ರಜೆ ಮುಗಿದು ಎಂಟು ದಿನದೊಳಗೆ ಬರದಿದ್ದರೆ ಕೆಲಸದ ಹಕ್ಕು ಹೋಗುತ್ತದೆ ಅನ್ನುವ ಸಾಲು ಬಹಳ ಫ್ಯಾಕ್ಟರಿಗಳ ಸ್ಟ್ಯಾಂಡಿಂಗ್ ಆರ್ಡರಿನಲ್ಲಿದೆ (ಅಂದರೆ ಫ್ಯಾಕ್ಟರಿಯ ಕೆಲಸದ ನಿಯಮಾವಳಿ), ಅದನ್ನು ತೋರಿಸಿ ಹೆದರಿಸುತ್ತಾರೆ. ಅಂಥ ಸಾಲು ಇದ್ದರೂ ಕೆಲಸಗಾರನ ಮಾತು ಕೇಳದೆ, ವಿಚಾರಣೆ ಮಾಡದೆ ತೆಗೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಗೇಟಲ್ಲಿ ತಡೆದರೆ ಜಗಳ ಆಡುವುದು ಬೇಡ. ಅದೇ ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಫ್ಯಾಕ್ಟರಿ ವಿಳಾಸಕ್ಕೆ ಒಂದು ಪತ್ರ: ಇಂಥ ದಿನ ಕೆಲಸಕ್ಕೆ ಬಂದೆ, ಇಷ್ಟು ಗಂಟೆಗೆ, ಒಳಗೆ ಬಿಡಲಿಲ್ಲ, ಸರ್ಟಿಫಿಕೇಟ್ ಲಗತ್ತಿಸಿದೆ. ಮುಂದೆ ಉಪಯೋಗಕ್ಕೆ ಬರುವುದು ಆ ಪತ್ರದ ತಾರೀಕೇ.

ಮತ್ತೆ ನಿಮ್ಮ ಎರಡು ದಿನಕ್ಕೆ ಬರೋಣ. ತಿಂಗಳಿಗೆ 30 ದಿನ ಅಂತ ಲೆಕ್ಕ ಹಾಕಿದ್ದರೆ ದಿನಕ್ಕೆ 900, ಒಟ್ಟು 1,800 ರೂಪಾಯಿ ಹಿಡಿದಿರುತ್ತಾರೆ. ಸಂಬಳದ ಚೀಟಿಯಲ್ಲಿ ನೋಡಿಕೊಳ್ಳಿ. ಕೆಲವು ಕಡೆ 26ರಿಂದ ಭಾಗಿಸಿ ಹಿಡಿಯುತ್ತಾರೆ, ಕೊಡುವಾಗ ಮಾತ್ರ 30ರಿಂದ ಭಾಗಿಸುತ್ತಾರೆ. ಆಮೇಲೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು, ಈ ಸರ್ಟಿಫಿಕೇಟ್ ಪಾಲಿಸಿ ಎಲ್ಲಾದರೂ ಬರೆದಿದೆಯಾ ನೋಡಿ. ಬಾಯಿಮಾತಿನ ಪಾಲಿಸಿ ಆಗಿದ್ದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ. ನಂತರ ಎಚ್‌ಆರ್‌ಗೆ ಮೇಲ್ ಕಳಿಸಿ. ಫೋನ್ ಬೇಡ, ಎದುರಿಗೆ ನಿಂತು ಕೇಳುವುದೂ ಬೇಡ. ಹೀಗೆ ಬರೆಯಬಹುದು:

"ಮಾನ್ಯರೇ, ಸೋಮವಾರ ಮತ್ತು ಮಂಗಳವಾರ ಜ್ವರದ ಕಾರಣ ನಾನು ಕೆಲಸಕ್ಕೆ ಬಂದಿರಲಿಲ್ಲ. ಸೋಮವಾರ ಬೆಳಗ್ಗೆಯೇ ಮ್ಯಾನೇಜರ್ ಅವರಿಗೆ ತಿಳಿಸಿದ್ದೆ, ಆ ಮೆಸೇಜ್ ಲಗತ್ತಿಸಿದ್ದೇನೆ. ಬುಧವಾರ ವೈದ್ಯರು ಪರೀಕ್ಷಿಸಿ ಕೊಟ್ಟ ಸರ್ಟಿಫಿಕೇಟ್ ಮತ್ತು ಒಪಿ ಚೀಟಿಯೂ ಇದರ ಜೊತೆಗಿದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಸೆಕ್ಷನ್ 15ರ ಪ್ರಕಾರ ನನಗಿರುವ ಹನ್ನೆರಡು ದಿನದ ರಜೆಯಲ್ಲಿ ಒಂಬತ್ತು ದಿನ ಬಾಕಿ ಇದೆ. ಈ ಎರಡು ದಿನವನ್ನು ಅದರಲ್ಲಿ ಹೊಂದಿಸಿ, ಹಿಡಿದ ಸಂಬಳವನ್ನು ಮುಂದಿನ ತಿಂಗಳು ಸೇರಿಸಿ ಕೊಡಬೇಕಾಗಿ ವಿನಂತಿ."

ಇಷ್ಟೇ ಸಾಕು. ಕೋಪದ ಮಾತು ಬೇಡ, "ಲೇಬರ್ ಆಫೀಸಿಗೆ ಹೋಗ್ತೀನಿ" ಅನ್ನುವುದೂ ಬೇಡ. ಕಾಯ್ದೆಯ ಹೆಸರು ಮತ್ತು ಸೆಕ್ಷನ್ ನಂಬರ್ ನೋಡಿದರೆ ಎಚ್‌ಆರ್‌ನವರಿಗೆ ಆ ಮಾತು ತಾನಾಗಿ ಕೇಳಿಸುತ್ತದೆ. ನನಗೆ ಅಂಥ ಮೇಲ್ ಬಂದಾಗಲೆಲ್ಲ ನಾನು ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಪೇರೋಲ್‌ನವರಿಗೆ ಫೋನ್ ಮಾಡಿ "ಆ ಎರಡು ದಿನ ವಾಪಸ್ ಹಾಕಪ್ಪಾ" ಅನ್ನುವುದು.

ಹತ್ತು ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಒಂದು ನೆನಪೋಲೆ ಕಳಿಸಿ. ಅದಕ್ಕೂ ಬರದಿದ್ದರೆ ನಿಮ್ಮ ಏರಿಯಾದ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು. ಯಾರು ಅಂತ ಗೊತ್ತಾಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿದರೆ ಹೇಳುತ್ತಾರೆ. 1,800 ರೂಪಾಯಿಗೆ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋಗಬೇಕಾ ಅನ್ನುವುದು ನಿಮ್ಮ ಲೆಕ್ಕ. ಮೇಲ್ ಮಾತ್ರ ಈ ವಾರವೇ ಕಳಿಸಿ. ಬಹಳ ಕಂಪನಿಗಳಲ್ಲಿ ಪೇರೋಲ್ ತಿಂಗಳ ಕೊನೆಯ ವಾರಕ್ಕೆ ಮುಚ್ಚಿಬಿಡುತ್ತದೆ, ಆಮೇಲೆ ಇನ್ನೊಂದು ತಿಂಗಳು ಕಾಯಬೇಕಾಗುತ್ತದೆ.